ಗಣಿತದ ಮಾಸ್ತರು ಮತ್ತು 138 ಸ್ಟ್ರಿಪ್ ಜಿಂಕ್

2023ರ ಆಗಸ್ಟ್ ಮೊದಲ ವಾರ. ಮಧ್ಯಾಹ್ನ ಮೂರರ ಹೊತ್ತು, ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ನಮ್ಮ ಮಾಸ್ತರ ಮಗ ಬಂದು ಕೌಂಟರ್ ಮೇಲೆ ಒಂದು ಕ್ಯಾರಿಬ್ಯಾಗ್ ಸುರಿದ. ಬಿಪಿ ಗುಳಿಗೆ, ಐರನ್ ಗುಳಿಗೆ, ಮಲ್ಟಿವಿಟಮಿನ್ ಡಬ್ಬಿ, ನೋವಿನ ಮುಲಾಮು, ಬಿ12 ಇಂಜೆಕ್ಷನ್ನಿನ ಖಾಲಿ ಡಬ್ಬಿಗಳು. ಕೊನೆಗೆ ರಬ್ಬರ್ ಬ್ಯಾಂಡ್ ಹಾಕಿದ ಆರು ಜಿಂಕ್ ಸ್ಟ್ರಿಪ್. ಆ ರಬ್ಬರ್ ಬ್ಯಾಂಡ್ ಹಾಕಿದ್ದು ನಾನೇ.

"ಹೈದರಾಬಾದ್ ಡಾಕ್ಟರ್ ಕೇಳ್ಯಾರ, ಈ ಜಿಂಕ್ ಯಾವಾಗಿಂದ ತಗೊಳ್ಳತ್ತಾರ ಅಂತ. ಅಪ್ಪಗ ಬರೋಬ್ಬರಿ ನೆನಪಿಲ್ಲ. ನಿಮ್ಮ ಕಂಪ್ಯೂಟರ್‌ದಾಗ ಇರ್ತದಲ್ಲ ಅಣ್ಣಾ?" ಅಂದ.

ಇತ್ತು. ಮಾಸ್ತರ ಮೊಬೈಲ್ ನಂಬರ್ ಹಾಕಿ ಹಳೆ ಬಿಲ್ ತೆಗೆದೆ. ಮೊದಲ ಬಿಲ್ 2021ರ ಮೇ ತಿಂಗಳದ್ದು, ಕೊನೆಯದು ಹಿಂದಿನ ವಾರದ್ದು. ಒಟ್ಟು 138 ಸ್ಟ್ರಿಪ್. ಒಂದು ಸ್ಟ್ರಿಪ್‌ಗೆ ಹತ್ತು ಗುಳಿಗೆ.

ನಾನು ಡಾಕ್ಟರ್ ಅಲ್ಲ. ಡಿ.ಫಾರ್ಮ ಮುಗಿಸಿ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಹದಿನೆಂಟು ವರ್ಷದಿಂದ ಮೆಡಿಕಲ್ ಅಂಗಡಿ ನಡೆಸುತ್ತಿದ್ದೇನೆ. ಇದನ್ನು ಬರೆಯೋದಕ್ಕೆ ಮಾಸ್ತರು ಒಪ್ಪಿದ್ದಾರೆ. ರಿಪೋರ್ಟುಗಳ ಫೈಲೂ ಕೊಟ್ಟಿದ್ದಾರೆ. ಹೆಸರು ಮಾತ್ರ ಬೇಡ ಅಂದರು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಅವರು. ವಯಸ್ಸು 68. ಬಿಪಿ ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. ಕುಡಿತ ಇಲ್ಲ, ತಂಬಾಕು ಇಲ್ಲ, ಮನೆಯಲ್ಲಿ ಮೊಟ್ಟೆ ಕೂಡ ಮಾಡೋದಿಲ್ಲ. ಬೆಳಿಗ್ಗೆ ಐದೂವರೆಗೆ ಅಪ್ಪನ ಕೆರೆ ಸುತ್ತ ಎರಡು ರೌಂಡ್ ವಾಕಿಂಗ್, ಮಳೆ ಬಂದರೂ ತಪ್ಪಿಸುತ್ತಿರಲಿಲ್ಲ.

ಹದಿನೈದು ದಿನದ ಚೀಟಿ

ದೇಶದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ನಮ್ಮೂರಿನವರು, 2020ರ ಮಾರ್ಚ್‌ನಲ್ಲಿ. ಹಾಗಾಗಿ ಈ ಊರಿಗೆ ಹತ್ತಿದ ಹೆದರಿಕೆ ಬೇರೆಯೇ ತರಹದ್ದು. ಆಗ ನನ್ನ ಅಂಗಡಿಯಲ್ಲಿ ವಿಟಮಿನ್ ಸಿ ಮತ್ತು ಜಿಂಕ್ ತರಕಾರಿ ಹಾಗೆ ಮಾರಾಟವಾಗುತ್ತಿದ್ದವು. ಮಾಸ್ತರಿಗೆ ಕೋವಿಡ್ ಬಂದಿದ್ದು ಎರಡನೇ ಅಲೆಯಲ್ಲಿ. ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಡಿಸ್ಚಾರ್ಜ್ ಚೀಟಿಯಲ್ಲಿ ಜಿಂಕ್ 50 ಮಿಲಿಗ್ರಾಂ, ದಿನಕ್ಕೊಂದು, ಹದಿನೈದು ದಿನ ಅಂತ ಬರೆದಿತ್ತು. ಅಕ್ಷರ ಕೂಡ ಸ್ಪಷ್ಟವಾಗಿಯೇ ಇತ್ತು.

ಮರುತಿಂಗಳೇ, 2021ರ ಜೂನ್‌ನಲ್ಲಿ, ಸೌಮ್ಯ ಕೋವಿಡ್‌ಗೆ ಕೊಡುವ ಔಷಧಿಗಳ ಪಟ್ಟಿಯಿಂದ ಜಿಂಕ್, ಮಲ್ಟಿವಿಟಮಿನ್ ಎಲ್ಲವನ್ನೂ ಕೇಂದ್ರದ ಆರೋಗ್ಯ ಇಲಾಖೆಯವರು ಕೈಬಿಟ್ಟರು. ಆ ಸುದ್ದಿ ನಾನೂ ಓದಿದ್ದೆ. ಓದಿ ಪೇಪರ್ ಮಡಚಿಟ್ಟು, ಕೇಳಿದವರಿಗೆ ಸ್ಟ್ರಿಪ್ ಕೊಡುತ್ತಾ ಹೋದೆ.

ಮಾಸ್ತರು ಹದಿನೈದು ದಿನದ ಮೇಲೂ ನಿಲ್ಲಿಸಲಿಲ್ಲ. "ಮೂರನೇ ಅಲೆ ಬರ್ತದಂತ, ಇರ್ಲಿ ಬಿಡು" ಅಂದರು. ನವೆಂಬರ್ ಹೊತ್ತಿಗೆ ಕೂದಲು ಉದುರೋಕೆ ಶುರುವಾಯಿತು. ಕೋವಿಡ್ ಆದವರಿಗೆ ಹಾಗೆ ಆಗುತ್ತಿತ್ತು, ಕೆಲವು ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತಿತ್ತು. ಆದರೆ ವಾಟ್ಸಾಪಿನಲ್ಲಿ ಯಾರೋ ಕಳಿಸಿದರು, ಜಿಂಕ್ ಕೂದಲಿಗೆ ಒಳ್ಳೇದು ಅಂತ. ಡಿಸೆಂಬರ್‌ನಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು. ಮಗ ಪುಣೆಯಿಂದ ಮಲ್ಟಿವಿಟಮಿನ್ ಕಳಿಸಲು ಶುರುಮಾಡಿದ. ಅದರಲ್ಲೂ 20 ಮಿಲಿಗ್ರಾಂ ಜಿಂಕ್.

ಮೊದಲ ತಿಂಗಳು ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಹೊಟ್ಟೆ ತೊಳಸುತ್ತದೆ, ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ರುಚಿ ಬರುತ್ತದೆ ಅಂತ ಹೇಳಿದ್ದರು. ಜಿಂಕ್‌ಗೆ ಇದು ಮಾಮೂಲು. ಊಟ ಆದ ಮೇಲೆ ತಗೊಳ್ಳಿ ಸರ್ ಅಂದೆ. ಯಾಕೆ ತಗೊಳ್ತಿದ್ದೀರಿ, ಎಷ್ಟು ದಿನ ತಗೊಳ್ತೀರಿ ಅಂತ ಕೇಳಲಿಲ್ಲ. ಅದರ ಬದಲು ತಿಂಗಳ ಮೊದಲ ದಿನ ಆರು ಸ್ಟ್ರಿಪ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಅವರಿಗೆ ಅಂತ ತೆಗೆದಿಡುತ್ತಿದ್ದೆ. ಅದನ್ನೇ ಸೇವೆ ಅಂದುಕೊಂಡಿದ್ದೆ.

ಕಳಚಿ ಹೋದ ಚಪ್ಪಲಿ

2022ರ ಕೊನೆಗೆ ಸುಸ್ತು. ಎರಡು ರೌಂಡ್ ಒಂದಾಯಿತು, ಆಮೇಲೆ ಅರ್ಧ. ವಯಸ್ಸಾಯಿತು ಅಂತ ಎಲ್ಲರೂ ಅಂದೆವು. ಫೆಬ್ರವರಿಯಲ್ಲಿ ಎರಡೂ ಪಾದಗಳಲ್ಲಿ ಜುಮ್ ಅನ್ನೋದು ಶುರುವಾಗಿ ಮೆಲ್ಲಗೆ ಮೊಣಕಾಲಿನವರೆಗೆ ಏರಿತು. "ಹತ್ತಿ ಮ್ಯಾಲ ನಡದಂಗ ಆಗ್ತದ ತಮ್ಮಾ, ನೆಲ ಗೊತ್ತಾಗವಲ್ದು" ಅಂತ ನನಗೇ ಹೇಳಿದ್ದರು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದವರು ಮುಂದಕ್ಕೆ ವಾಲಿ ಹಣೆಯನ್ನು ನಲ್ಲಿಗೆ ಬಡಿಸಿಕೊಂಡರು. ಮೂರು ಹೊಲಿಗೆ. ಸೋಪಿನ ನೀರಲ್ಲಿ ಜಾರಿದರು ಅಂತ ಮನೆಯವರ ಲೆಕ್ಕ. ನಿಜ ಸಂಗತಿ ಬೇರೆ. ನಮ್ಮ ಕಾಲು ಎಲ್ಲಿದೆ ಅನ್ನೋ ಸುದ್ದಿ ಬೆನ್ನುಹುರಿಯ ಹಿಂಭಾಗದ ನರಗಳ ಮೂಲಕ ಮೆದುಳಿಗೆ ಹೋಗುತ್ತದೆ. ಆ ದಾರಿ ಕೆಟ್ಟರೆ ಕಣ್ಣಿನಿಂದ ನೋಡಿ ನೋಡಿ ಮನುಷ್ಯ ಬ್ಯಾಲೆನ್ಸ್ ಇಟ್ಟುಕೊಳ್ಳುತ್ತಾನೆ. ಕಣ್ಣು ಮುಚ್ಚಿದರೆ ಬೀಳುತ್ತಾನೆ. ಕತ್ತಲಲ್ಲೂ ಅಷ್ಟೇ.

ಜುಲೈನಲ್ಲಿ ಶರಣಬಸವೇಶ್ವರ ಗುಡಿಯಿಂದ ಮನೆಗೆ ಬಂದಾಗ ಅವರ ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಹೆಂಡತಿ ಕೇಳಿದ ಮೇಲೆಯೇ ಅವರು ಕೆಳಗೆ ನೋಡಿದ್ದು. ದಾರಿಯಲ್ಲಿ ಎಲ್ಲೋ ಕಳಚಿಹೋಗಿದೆ, ಬಿಸಿಲಿಗೆ ಕಾದ ರಸ್ತೆಯ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದಾರೆ, ಗೊತ್ತೇ ಆಗಿಲ್ಲ. ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು.

ಈ ನಡುವೆ ರಕ್ತದ ಪರೀಕ್ಷೆ ಆಗಿತ್ತು. ಮೇ ತಿಂಗಳಲ್ಲಿ ಹಿಮೋಗ್ಲೋಬಿನ್ 8.1. ಬಿಳಿ ರಕ್ತಕಣ 2,300, ಕನಿಷ್ಠ 4,000 ಇರಬೇಕು. ಅದರಲ್ಲೂ ಸೋಂಕಿನ ವಿರುದ್ಧ ಮೊದಲು ನುಗ್ಗುವ ನ್ಯೂಟ್ರೋಫಿಲ್ ಬರೀ 690. ಬಿ12 ಮಟ್ಟ 240, ಅಂದರೆ ಗೆರೆಯ ಅಂಚಿನಲ್ಲಿ.

ಇಲ್ಲಿನ ಡಾಕ್ಟರ್ ಬಿ12 ಕೊರತೆ ಅಂದರು. ಅದರಲ್ಲಿ ಅವರ ತಪ್ಪೇನೂ ನನಗೆ ಕಾಣೋದಿಲ್ಲ. ಶುದ್ಧ ಸಸ್ಯಾಹಾರಿ, ವಯಸ್ಸಾದವರು, ರಕ್ತ ಕಡಿಮೆ, ಕಾಲು ಜುಮ್ ಅನ್ನುತ್ತದೆ. ನಮ್ಮ ಕಡೆ ಇಂಥ ಹತ್ತು ಜನ ಬಂದರೆ ಜಾಸ್ತಿ ಜನರಿಗೆ ಬಿ12 ಕೊರತೆಯೇ ಇರುತ್ತದೆ. ಇಂಜೆಕ್ಷನ್ ಮತ್ತು ಐರನ್ ಬರೆದುಕೊಟ್ಟರು. ನಾನು ಐರನ್ ಗುಳಿಗೆಯನ್ನೂ ಜಿಂಕ್ ಜೊತೆಯಲ್ಲೇ ರಾತ್ರಿ ಊಟಕ್ಕೆ ಹೊಂದಿಸಿಕೊಟ್ಟೆ. ಎರಡೂ ಕರುಳಿನಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ, ನಡುವೆ ಎರಡು ಗಂಟೆಯಾದರೂ ಅಂತರ ಇರಬೇಕು ಅಂತ ಓದಿದವನು ನಾನು.

ಎರಡು ತಿಂಗಳಾದ ಮೇಲೆ ಬಿ12 ಮಟ್ಟ 1,500 ದಾಟಿತ್ತು. ಹಿಮೋಗ್ಲೋಬಿನ್ ಮಾತ್ರ 7.6ಕ್ಕೆ ಇಳಿದಿತ್ತು. ಕಾಲು ಇನ್ನೂ ಹದಗೆಟ್ಟಿತ್ತು. ಮೂಳೆಮಜ್ಜೆಯಲ್ಲೇ ದೋಷ ಇರಬಹುದು, ಮುಂದೆ ಬ್ಲಡ್ ಕ್ಯಾನ್ಸರ್‌ಗೆ ತಿರುಗುವ ತರಹದ್ದೂ ಇರಬಹುದು, ಹೊರಗೆ ತೋರಿಸಿ ಅಂದರು. ಹೊರಗೆ ಅಂದರೆ ನಮಗೆ ಸೊಲ್ಲಾಪುರ ಇಲ್ಲ ಹೈದರಾಬಾದ್. ಮಗ ಪುಣೆಯಿಂದ ಓಡಿ ಬಂದು ಹೈದರಾಬಾದಿಗೆ ಕರೆದುಕೊಂಡು ಹೋದ.

"ಮನೆಯಲ್ಲಿ ಇರೋದನ್ನೆಲ್ಲ ತನ್ನಿ"

ಅಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ರಕ್ತಕಣಗಳಾಗಿ ಬೆಳೆಯಬೇಕಾದ ಎಳೆ ಕೋಶಗಳ ಒಳಗೆ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಕೆಲವು ಕೋಶಗಳಲ್ಲಿ ನಡುವಿನ ಬೀಜದ ಸುತ್ತ ಕಬ್ಬಿಣದ ಕಣಗಳು ಉಂಗುರದ ಹಾಗೆ ಕೂತಿದ್ದವು. ಉಂಗುರ ಮಾತ್ರ ನೋಡಿದರೆ ಮಜ್ಜೆಯ ಆ ಕೆಟ್ಟ ಕಾಯಿಲೆಯ ಹಾಗೇ ಕಾಣುತ್ತದೆ. ಗುಳ್ಳೆಗಳನ್ನೂ ಸೇರಿಸಿ ನೋಡಿದರೆ ತಾಮ್ರದ ಕೊರತೆಯ ಅನುಮಾನ ಬರಬೇಕು. ಕುತ್ತಿಗೆಯ ಎಂಆರ್‌ಐನಲ್ಲಿ ಬೆನ್ನುಹುರಿಯ ಹಿಂಭಾಗ ಬೆಳ್ಳಗೆ ಕಾಣುತ್ತಿತ್ತು. ಬಿ12 ಕೊರತೆಯಲ್ಲೂ ಹೀಗೇ ಕಾಣುತ್ತದೆ, ತಾಮ್ರದ ಕೊರತೆಯಲ್ಲೂ ಹೀಗೇ. ಚಿತ್ರ ನೋಡಿ ಬೇರೆ ಮಾಡೋಕಾಗೋದಿಲ್ಲ.

ರಕ್ತದ ಡಾಕ್ಟರ್ ಕೇಳಿದ ಪ್ರಶ್ನೆ ಹಳೆಯದೇ, ಏನೇನು ಔಷಧಿ ತಗೊಳ್ತೀರಿ ಅಂತ. ಮಾಸ್ತರ ಉತ್ತರವೂ ಹಳೆಯದೇ: "ಬಿಪಿದೊಂದು, ಮತ್ತ ನೀವು ಕೊಟ್ಟಿದ್ದು." ಇಲ್ಲಿನ ಡಾಕ್ಟರಿಗೂ ಅದನ್ನೇ ಹೇಳಿದ್ದರು. ಸುಳ್ಳು ಹೇಳಿದ್ದಲ್ಲ. ಜಿಂಕ್ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ, ತಾಕತ್ತಿನ ಗುಳಿಗಿ. ನಮ್ಮ ಕಡೆ ಕ್ಯಾಲ್ಸಿಯಂ, ಬಿ ಕಾಂಪ್ಲೆಕ್ಸ್, ಪ್ರೋಟೀನ್ ಪುಡಿ ಎಲ್ಲವೂ ಇದೇ ಹೆಸರಿನಲ್ಲಿ ಹೋಗುತ್ತವೆ. ಆ ಡಾಕ್ಟರ್ ಅಷ್ಟಕ್ಕೇ ಬಿಡಲಿಲ್ಲ. ಪುಡಿ, ಕಷಾಯ, ಟಾನಿಕ್, ಹಲ್ಲಿನ ಸೆಟ್ಟಿಗೆ ಹಚ್ಚುವ ಅಂಟು ಕೂಡ ಬಿಡಬೇಡಿ, ಮನೆಯಲ್ಲಿ ಇರೋದನ್ನೆಲ್ಲ ಒಂದು ಚೀಲದಲ್ಲಿ ತನ್ನಿ ಅಂದರಂತೆ. ಹಲ್ಲಿನ ಅಂಟು ಯಾಕೆ ಅಂತ ನಾನು ಆಮೇಲೆ ಓದಿಕೊಂಡೆ. ಕೆಲವು ಅಂಟುಗಳಲ್ಲಿ ಜಿಂಕ್ ಇರುತ್ತಿತ್ತು. ವರ್ಷಗಟ್ಟಲೆ ಜಾಸ್ತಿ ಹಚ್ಚಿಕೊಂಡ ಜನರಿಗೆ ಅಮೆರಿಕದಲ್ಲಿ ಹೀಗೇ ಕಾಲು ಹೋಗಿತ್ತು.

ಚೀಲ ಹೋಯಿತು, ನನ್ನ ಬಿಲ್ಲುಗಳ ಪ್ರಿಂಟ್ ಕೂಡ ಹೋಯಿತು. ರಕ್ತದ ತಾಮ್ರ 11 ಮೈಕ್ರೋಗ್ರಾಂ ಬಂತು. ಒಂದು ಡೆಸಿಲೀಟರಿಗೆ 70ರಿಂದ 140 ಇರಬೇಕಾದ ಜಾಗ ಅದು. ತಾಮ್ರ ಹೊತ್ತು ತಿರುಗುವ ಸೆರುಲೋಪ್ಲಾಸ್ಮಿನ್ ಅನ್ನೋ ಪ್ರೋಟೀನ್ 20 ಮಿಲಿಗ್ರಾಂ ಮೇಲಿರಬೇಕು, 4 ಇತ್ತು. ಜಿಂಕ್ 190, ಮಾಮೂಲಿನಲ್ಲಿ 120ರ ಒಳಗಿರುತ್ತದೆ. ಒಂದು ಮಾತು: ಜಿಂಕ್ ಪರೀಕ್ಷೆಯ ರಕ್ತವನ್ನು ಇಂಥ ಪರೀಕ್ಷೆಗೆಂದೇ ಇರುವ ಬೇರೆ ಟ್ಯೂಬಿನಲ್ಲಿ ತೆಗೆಯಬೇಕು. ಮಾಮೂಲಿ ಟ್ಯೂಬಿನ ರಬ್ಬರ್ ಬಿರಡೆಯಿಂದಲೂ ಜಿಂಕ್ ರಕ್ತಕ್ಕೆ ಸೇರಿ ಲೆಕ್ಕ ತಪ್ಪಿಸುತ್ತದೆ.

ಸತು ಒಳಗೆ, ತಾಮ್ರ ಹೊರಗೆ

ಜಿಂಕ್ ಅಂದರೆ ನಮ್ಮ ಸತು. ಸತು ಜಾಸ್ತಿಯಾದರೆ ತಾಮ್ರ ಯಾಕೆ ಕಡಿಮೆಯಾಗಬೇಕು? ಇದು ನನಗೆ ಮೊದಲು ಅರ್ಥವಾಗಿರಲಿಲ್ಲ.

ಕರುಳಿನ ಗೋಡೆಯ ಕೋಶಗಳಿಗೆ ಜಿಂಕ್ ವಿಪರೀತ ಬಂದರೆ ಅವು ಮೆಟಲೋಥಯೋನೀನ್ ಅನ್ನೋ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತವೆ. ಹೆಚ್ಚಾದ ಜಿಂಕನ್ನು ಹಿಡಿದಿಡುವ ಚೀಲ ಅದು ಅನ್ನಿ. ಆದರೆ ಈ ಚೀಲಕ್ಕೆ ಜಿಂಕ್‌ಗಿಂತ ತಾಮ್ರದ ಮೇಲೆ ಹಿಡಿತ ಜಾಸ್ತಿ. ಊಟದಲ್ಲಿ ಬಂದ ತಾಮ್ರ ಅದರೊಳಗೆ ಸಿಕ್ಕಿಬಿದ್ದರೆ ರಕ್ತಕ್ಕೆ ದಾಟೋದಿಲ್ಲ. ಕರುಳಿನ ಕೋಶಗಳ ಆಯುಸ್ಸು ಕೆಲವೇ ದಿನ. ಅವು ಉದುರುವಾಗ ತಾಮ್ರವೂ ಮಲದಲ್ಲಿ ಹೋಗುತ್ತದೆ. ಮಾಸ್ತರ ಮನೆಯಲ್ಲಿ ತೊಗರಿಬೇಳೆ, ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಯಾವುದಕ್ಕೂ ಬರ ಇರಲಿಲ್ಲ. ಎಲ್ಲದರಲ್ಲೂ ತಾಮ್ರ ಇದೆ. ತಟ್ಟೆಯಲ್ಲಿ ಇದ್ದದ್ದು ಮೈಗೆ ಸೇರಲಿಲ್ಲ, ಅಷ್ಟೇ.

ತಾಮ್ರ ನಮಗೆ ಬೇಕಾಗೋದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಅಷ್ಟೂ ಸಿಗದಿದ್ದರೆ ಮೈಯಲ್ಲಿರುವ ಕಬ್ಬಿಣ ರಕ್ತ ತಯಾರಿಕೆಗೆ ಸರಿಯಾಗಿ ಒದಗೋದಿಲ್ಲ. ಅದಕ್ಕೇ ಐರನ್ ಗುಳಿಗೆ ಎಷ್ಟು ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. ನರದ ವಿಷಯ ಪಶುವೈದ್ಯರಿಗೆ ನಮಗಿಂತ ಮೊದಲೇ ಗೊತ್ತು. ಗಬ್ಬದ ಕುರಿಗೆ ತಾಮ್ರ ಸಾಲದಿದ್ದರೆ ಹುಟ್ಟಿದ ಮರಿಯ ಹಿಂಗಾಲು ತೂರಾಡುತ್ತವೆ. ಮನುಷ್ಯರ ಬೆನ್ನುಹುರಿಗೂ ಹೀಗಾಗುತ್ತದೆ ಅನ್ನೋದು ವೈದ್ಯರ ಗಮನಕ್ಕೆ ಸರಿಯಾಗಿ ಬಂದಿದ್ದು 2000ದ ಈಚೆಗೆ.

ಇದೇ ಗುಣವನ್ನು ಡಾಕ್ಟರುಗಳು ಬೇಕಂತಲೇ ಬಳಸೋದೂ ಉಂಟು. ವಿಲ್ಸನ್ ಕಾಯಿಲೆಯಲ್ಲಿ ಮೈಯಲ್ಲಿ ತಾಮ್ರ ತುಂಬಿಕೊಳ್ಳುತ್ತದೆ. ಅವರಿಗೆ ಜಿಂಕ್ 50 ಮಿಲಿಗ್ರಾಂ ದಿನಕ್ಕೆ ಮೂರು ಸಲ ಕೊಡುತ್ತಾರೆ, ತಾಮ್ರ ಒಳಗೆ ಹೋಗದಿರಲಿ ಅಂತಲೇ. ನಮ್ಮ ಮಾಸ್ತರು ಇಲ್ಲದ ಕಾಯಿಲೆಗೆ ಹತ್ತಿರ ಹತ್ತಿರ ಅಷ್ಟೇ ಡೋಸ್ ತಗೊಳ್ಳುತ್ತಿದ್ದರು.

ಜಿಂಕ್ ಕೊರತೆಯಿಂದ ಮನುಷ್ಯರ ಬೆಳವಣಿಗೆ ಕುಂಠಿತವಾಗುತ್ತದೆ ಅಂತ 1960ರ ದಶಕದಲ್ಲಿ ತೋರಿಸಿಕೊಟ್ಟವರು ಬಿಹಾರ ಮೂಲದ ಡಾ. ಆನಂದ ಪ್ರಸಾದ್. ಇರಾನ್ ಮತ್ತು ಈಜಿಪ್ಟಿನಲ್ಲಿ ಕುಳ್ಳಗೆ ಉಳಿದ ಹುಡುಗರನ್ನು ನೋಡಿ ಕಂಡುಕೊಂಡದ್ದು. ಜಾಸ್ತಿ ಜಿಂಕ್ ಕೊಟ್ಟರೆ ತಾಮ್ರ ಕುಸಿಯುತ್ತದೆ ಅಂತ 1978ರಲ್ಲಿ ವರದಿ ಮಾಡಿದವರಲ್ಲೂ ಅವರೇ ಇದ್ದರು. ಕೊರತೆ ಕಂಡುಹಿಡಿದವರೇ ಅತಿಯನ್ನೂ ಹೇಳಿದ್ದರು. ನಮ್ಮ ಕೌಂಟರ್‌ವರೆಗೆ ಬಂದಿದ್ದು ಮೊದಲ ಅರ್ಧ ಮಾತ್ರ.

ಶೇಷ ಒಂದು

ಹೈದರಾಬಾದಿನಿಂದ ಬಂದ ಮೇಲೆ ಮಾಸ್ತರು ಅಂಗಡಿಗೆ ಬಂದರು. ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದರಲ್ಲಿ ಕೋಲು. ಕಣ್ಣು ನೆಲದ ಮೇಲೆ. ಸ್ಟೂಲ್ ಕೊಟ್ಟೆ. ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಪೆನ್ನು ಕೇಳಿದರು, ಬಿಲ್ಲಿನ ಹಿಂದೆ ಬರೆಯಲು ಶುರುಮಾಡಿದರು.

"ಒಂದು ಗುಳಿಗಿದಾಗ ಎಷ್ಟು?"

"ಐವತ್ತು, ಸರ್."

"ಇಲ್ಲಿ ಎರಡು ನೂರಾ ಇಪ್ಪತ್ತು ಅಂತ ಬರದಾರಲ್ಲ?"

ಒಳ್ಳೇ ಪ್ರಶ್ನೆ. ಸ್ಟ್ರಿಪ್ ಮೇಲೆ ಜಿಂಕ್ ಸಲ್ಫೇಟ್ 220 ಮಿಲಿಗ್ರಾಂ ಅಂತ ಇದ್ದರೆ ಅದು ಉಪ್ಪಿನ ತೂಕ. ಅದರಲ್ಲಿ ಶುದ್ಧ ಜಿಂಕ್ ಸುಮಾರು 50. ಲೆಕ್ಕಕ್ಕೆ ಹಿಡಿಯಬೇಕಾದ್ದು ಎಲಿಮೆಂಟಲ್ ಜಿಂಕ್ ಅಂತ ಬರೆದಿರುವ ಸಂಖ್ಯೆಯನ್ನು. ಹೇಳಿದೆ. ತಲೆಯಾಡಿಸಿ ಬರೆದುಕೊಂಡರು.

"ಎರಡು ಗುಳಿಗಿಗೆ ನೂರು. ಪುಣೆ ಡಬ್ಬಿದು ಇಪ್ಪತ್ತು. ನೂರಾ ಇಪ್ಪತ್ತು. ದಿನಕ್ಕ ಬೇಕಾಗೋದು ಎಷ್ಟು?"

"ಗಂಡಸರಿಗೆ ಹದಿನೇಳು ಅಂತ ಐಸಿಎಂಆರ್ ಹೇಳ್ತದ. ಎಷ್ಟಂದ್ರೂ ನಲವತ್ತು ದಾಟಬಾರದು."

"ಹದಿನೇಳು ಏಳ್ಲೆ?"

"ನೂರಾ... ಹದಿನೆಂಟು."

"ಹತ್ತೊಂಬತ್ತೋ! ಇನ್ನಾ ಮಗ್ಗಿ ಬರವಲ್ದು ನಿನಗ." ನಕ್ಕರು. "ಏಳು ಪಟ್ಟು. ಮ್ಯಾಲ ಶೇಷ ಒಂದು. ಊಟದಾಗಿಂದು ಬ್ಯಾರೆ." ಆ ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡರು. ನನಗೆ ಅವತ್ತು ರಾತ್ರಿ ಊಟ ಸೇರಲಿಲ್ಲ.

ಚಿಕಿತ್ಸೆ ಹೇಳಲು ಜಾಸ್ತಿ ಇಲ್ಲ. ಜಿಂಕ್ ಬಂದ್. ತಾಮ್ರದ ಕ್ಯಾಪ್ಸೂಲ್ ಮೊದಲ ವಾರ ದಿನಕ್ಕೆ 8 ಮಿಲಿಗ್ರಾಂ, ಆಮೇಲೆ 6, ಮೂರನೇ ವಾರ 4, ಅಲ್ಲಿಂದ ಮುಂದೆ 2. ಬರೀ ತಾಮ್ರ ಇರುವ ಗುಳಿಗೆ ನನ್ನ ಅಂಗಡಿಯಲ್ಲಿ ಯಾವತ್ತೂ ಇರಲಿಲ್ಲ. ಮಲ್ಟಿವಿಟಮಿನ್‌ನಲ್ಲಿ ತಾಮ್ರ ಇದ್ದರೂ ಜೊತೆಗೆ ಅದರ ಹತ್ತಾರು ಪಟ್ಟು ಜಿಂಕ್ ಇರುತ್ತದೆ, ಅದನ್ನು ಕೊಡೋ ಹಾಗಿಲ್ಲ. ಹೈದರಾಬಾದಿನಿಂದಲೇ ತರಿಸಿದೆವು. ತಾಮ್ರ ಅತಿಯಾದರೆ ಲಿವರ್‌ಗೆ ಪೆಟ್ಟು, ಹಾಗಾಗಿ ರಕ್ತ ಪರೀಕ್ಷೆ ಮಾಡಿಸುತ್ತಾ ಡಾಕ್ಟರ್ ಹೇಳಿದಷ್ಟೇ. ಅಕ್ಕಾವರು, ಅಂದರೆ ಮಾಸ್ತರ ಹೆಂಡತಿ, ಕಪಾಟಿನಿಂದ ಹಳೆ ತಾಮ್ರದ ಬಿಂದಿಗೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದರು, ಅದರ ನೀರು ಕುಡಿಸಿದರೆ ಸಾಕಲ್ವಾ ಅಂತ. ಕುಡಿಯಲಿ, ಆದರೆ ಇಷ್ಟು ಬಿದ್ದುಹೋದ ತಾಮ್ರವನ್ನು ಎತ್ತೋದಕ್ಕೆ ಆ ನೀರು ಸಾಲದು ಅಂದರಂತೆ ಡಾಕ್ಟರ್.

ಬಿಳಿ ರಕ್ತಕಣ ಐದು ವಾರದಲ್ಲಿ 5,000 ದಾಟಿತು. ಹಿಮೋಗ್ಲೋಬಿನ್ ಹತ್ತು ವಾರದಲ್ಲಿ 12.4. ಕ್ಯಾನ್ಸರಿನ ಮಾತು ಅಲ್ಲಿಗೆ ಮುಗಿಯಿತು. ರಕ್ತ ಬೇಗ ಸರಿಹೋಗುತ್ತದೆ. ನರ ಹಾಗಲ್ಲ. ಇನ್ನೂ ಕೆಡದ ಹಾಗೆ ನಿಲ್ಲಿಸೋದೇ ಮುಖ್ಯ, ಮೇಲಿನದು ಸಿಕ್ಕಷ್ಟು ಲಾಭ ಅಂತ ನರದ ಡಾಕ್ಟರ್ ಮೊದಲೇ ಹೇಳಿದ್ದರು. ಈಗ ಜುಮ್ ಅನ್ನೋದು ಮೊಣಕಾಲಿನಿಂದ ಇಳಿದು ಪಾದದಲ್ಲಿ ನಿಂತಿದೆ. ಹಗಲಲ್ಲಿ ಕೋಲು ಹಿಡಿದು ಅಪ್ಪನ ಕೆರೆಗೆ ಹೋಗುತ್ತಾರೆ. ಐದೂವರೆಗೆ ಅಲ್ಲ, ಬೆಳಕು ಹರಿದ ಮೇಲೆ. ಚಪ್ಪಲಿ ಬಿಟ್ಟು ಹಿಂದೆ ಬೆಲ್ಟ್ ಇರುವ ಸ್ಯಾಂಡಲ್ ಹಾಕುತ್ತಾರೆ. ಮುಖ ತೊಳೆಯೋದು ಕುರ್ಚಿಯ ಮೇಲೆ ಕೂತು.

ಇದನ್ನು ಓದಿ ಮಕ್ಕಳ ಜಿಂಕ್ ನಿಲ್ಲಿಸಬೇಡಿ. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಕೊಡುವ 20 ಮಿಲಿಗ್ರಾಂ ಗುಳಿಗೆ, ಆರು ತಿಂಗಳ ಒಳಗಿನ ಕೂಸಿಗೆ 10, ಹದಿನಾಲ್ಕು ದಿನ ಪೂರ್ತಿ ಕೊಡಲೇಬೇಕು. ಅದು ಜೀವ ಉಳಿಸುವ ಗುಳಿಗೆ. ಅದಕ್ಕೆ ಕೊನೆಯ ದಿನ ಅಂತ ಒಂದಿದೆ. ಮಾಸ್ತರ ಚೀಟಿಯಲ್ಲೂ ಇತ್ತು.

ಆ ವಾರವೇ ಕಂಪ್ಯೂಟರಿನಲ್ಲಿ ಹುಡುಕಿದೆ, ಮೂರು ತಿಂಗಳಿಗಿಂತ ಜಾಸ್ತಿ ಜಿಂಕ್ ಒಯ್ದವರು ಯಾರಿದ್ದಾರೆ ಅಂತ. ಹನ್ನೊಂದು ಜನ. ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಇಬ್ಬರು ಡಾಕ್ಟರ್ ಹೇಳಿದ್ದಕ್ಕೇ ತಗೊಳ್ಳುತ್ತಿದ್ದರು. ಐದು ಜನ ಯಾವಾಗಲೋ ಬಿಟ್ಟಿದ್ದರು. ಮೂವರಿಗೆ ಡಾಕ್ಟರ್ ಹತ್ತಿರ ಒಮ್ಮೆ ಕೇಳಿ, ರಕ್ತ ತೋರಿಸಿ ಅಂದೆ. ಹನ್ನೊಂದನೆಯವರು ಶಹಾಬಜಾರ್ ಕಡೆಯ ಒಬ್ಬ ತಾಯಿ. ಏನೇನು ಗುಳಿಗಿ ತಗೊಳ್ಳತ್ತೀರಿ ಅವ್ವಾ ಅಂತ ಕೇಳಿದೆ.

"ಗುಳಿಗಿ ಏನೂ ಇಲ್ಲಪ್ಪಾ," ಅಂದರು. "ನಿನ್ನ ತಾಕತ್ತಿಂದು ಒಂದೇ."

ಇರಿ ಅವ್ವಾ, ಸಂಜೆ ಮನೆಗೇ ಬರ್ತೀನಿ, ಎಲ್ಲ ತೆಗೆದಿಡ್ರಿ ಅಂದೆ.